ಫರೂಖಾಬಾದ್ ಘರಾನಾದ ತಬಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸವೇಶ್ವರನಗರದಲ್ಲಿ ನಮ್ಮ ಮನೆ ಮಹಡಿ ಮೇಲಿನ ರೂಮಿನಲ್ಲಿ ವಾರಕ್ಕೆ ನಾಲ್ಕು ಸಂಜೆ ತಬಲಾ ಪಾಠ ನಡೆಯುತ್ತದೆ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು, ಆಫೀಸಿನಿಂದ ಬ್ಯಾಗ್ ಸಮೇತ ನೇರ ಬಂದು ಕೂರುವ ದೊಡ್ಡವರು, ಸುಮ್ನೆ ವಿಚಾರಿಸೋಣ ಅಂತ ಫೋನ್ ಮಾಡುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಬಾಗಿಲ ಹತ್ತಿರ ನಿಂತು ಅರ್ಧಂಬರ್ಧ ಉತ್ತರ ಕೊಡುತ್ತಿದ್ದೆ. ಈಗ ಕೂತು ಬರೆದಿದ್ದೇನೆ. ನಾನು ಕಲಿತದ್ದು ಫರೂಖಾಬಾದ್ ಬಾಜ್, ಹಾಗಾಗಿ ಅದರ ಮಾತೇ ಜಾಸ್ತಿ ಇದೆ.

ಘರಾನಾ ಅಂದರೆ ಏನು?

ಘರ್ ಅಂದರೆ ಮನೆ. ನಾವು ಮನೆತನ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ನಿಮ್ಮ ಮನೆ ಹುಳಿಗೂ ಪಕ್ಕದ ಮನೆ ಹುಳಿಗೂ ಬೇಳೆ ಅದೇ, ಹುಣಸೆಹಣ್ಣು ಅದೇ, ಆದರೂ ಒಂದು ತುತ್ತಿಗೇ ಯಾರ ಮನೆಯದು ಅಂತ ಗೊತ್ತಾಗುತ್ತದೆ. ತಬಲಾದಲ್ಲಿ ಸಾಮಾನ್ಯವಾಗಿ ಆರು ಘರಾನಾ ಹೇಳುತ್ತಾರೆ: ದೆಹಲಿ, ಅಜ್ರಾಡಾ, ಲಖನೌ, ಫರೂಖಾಬಾದ್, ಬನಾರಸ್, ಪಂಜಾಬ್. ಯಾವ ಬೆರಳು ಎಲ್ಲಿ ಬೀಳುತ್ತದೆ, ಯಾವ ಬೋಲ್‌ಗಳ, ಅಂದರೆ ಹೊಡೆತಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳ, ಮೇಲೆ ಪ್ರೀತಿ ಜಾಸ್ತಿ, ಸೋಲೊ ನುಡಿಸುವಾಗ ಯಾವುದರಿಂದ ಶುರು ಮಾಡಿ ಎಲ್ಲಿಗೆ ಹೋಗುತ್ತಾರೆ, ಇದೆಲ್ಲ ಸೇರಿ ಒಂದು ಮನೆಯ ರೀತಿ ಆಗುತ್ತದೆ. ಆ ನುಡಿಸುವ ರೀತಿಗೆ ಬಾಜ್ ಅಂತ ಹೆಸರು.

ಫರೂಖಾಬಾದ್ ಎಲ್ಲಿದೆ? ಯಾರು ಶುರು ಮಾಡಿದ್ದು?

ಉತ್ತರ ಪ್ರದೇಶದಲ್ಲಿ, ಗಂಗಾ ನದಿ ದಡದ ಊರು. ಶುರು ಮಾಡಿದವರು ಹಾಜಿ ವಿಲಾಯತ್ ಅಲಿ ಖಾನ್, 19ನೇ ಶತಮಾನದವರು. ಹಜ್ ಯಾತ್ರೆ ಮಾಡಿ ಬಂದವರು, ಅದಕ್ಕೇ ಹಾಜಿ ಸಾಹೇಬ್ ಅಂತಲೇ ಕರೆಯುತ್ತಾರೆ. ಅವರ ಗುರು ಲಖನೌ ಘರಾನಾದ ಬಕ್ಷು ಖಾನ್. ಆ ಲಖನೌ ಮನೆಯ ಬೇರು ಮತ್ತೆ ದೆಹಲಿಯಲ್ಲಿದೆ. ಮೊದಲು ದೆಹಲಿ, ಅಲ್ಲಿಂದ ಲಖನೌ, ಅಲ್ಲಿಂದ ಫರೂಖಾಬಾದ್. ಹಾಗಾಗಿ ಎರಡೂ ಮನೆಗಳ ಗುಣ ಇದರಲ್ಲಿದೆ. ಲಖನೌ, ಫರೂಖಾಬಾದ್, ಬನಾರಸ್ ಮೂರನ್ನೂ ಸೇರಿಸಿ ಪೂರಬ್ ಬಾಜ್ ಅಂತಲೂ ಹೇಳುತ್ತಾರೆ. ದೆಹಲಿಯಿಂದ ನೋಡಿದರೆ ಇವೆಲ್ಲ ಪೂರ್ವಕ್ಕೆ ಅಲ್ವಾ, ಹಾಗೆ.

ಮದುವೆಯಲ್ಲಿ ವರದಕ್ಷಿಣೆಯಾಗಿ ಗತ್ ಕೊಟ್ಟರಂತೆ, ನಿಜಾನಾ?

ಪರಂಪರೆಯಲ್ಲಿ ಹಾಗೇ ಹೇಳುತ್ತಾರೆ. ಬಕ್ಷು ಖಾನ್ ತಮ್ಮ ಮಗಳನ್ನು ಹಾಜಿ ಸಾಹೇಬರಿಗೆ ಕೊಟ್ಟು ಮದುವೆ ಮಾಡಿದರು, ಜೊತೆಗೆ ಗತ್‌ಗಳನ್ನೂ, ಅಂದರೆ ತಬಲಾಕ್ಕೆ ಕಟ್ಟಿದ ರಚನೆಗಳನ್ನೂ, ಕೊಟ್ಟರು ಅಂತ. ಕೆಲವರು 500 ಅನ್ನುತ್ತಾರೆ, ಕೆಲವರು ಹನ್ನೆರಡೋ ಹದಿನಾಲ್ಕೋ ಅನ್ನುತ್ತಾರೆ. ನನಗೆ ಆ ಲೆಕ್ಕಕ್ಕಿಂತ ಕೊಟ್ಟ ರೀತಿ ಮುಖ್ಯ. ಆ ಮನೆಗಳಲ್ಲಿ ಒಂದು ಒಳ್ಳೆ ಗತ್ ಅಂದರೆ ಅಜ್ಜಿಯ ಕಾಸಿನ ಸರ ಇದ್ದ ಹಾಗೆ. ಯಾರಿಗೆ ಕೊಟ್ಟೆವು, ಯಾರ ಕೈಯಿಂದ ಬಂತು ಅನ್ನೋದು ನೆನಪಿರುತ್ತಿತ್ತು. ಸಿಕ್ಕಸಿಕ್ಕವರಿಗೆ ಹೇಳಿಕೊಡುತ್ತಿರಲಿಲ್ಲ.

ನಮ್ಮ ಕ್ಲಾಸಿನಲ್ಲಿ ಗತ್ ನುಡಿಸುವ ಮುಂಚೆ ಅದು ಯಾರದ್ದು ಅಂತ ಬಾಯಿಬಿಟ್ಟು ಹೇಳಲೇಬೇಕು. ಹತ್ತು ವರ್ಷದ ಹುಡುಗನಾದರೂ ಸರಿ. "ಇದು ಹಾಜಿ ಸಾಹೇಬರ ಗತ್" ಅಂತ ಹೇಳಿ ಕೈ ಇಡಬೇಕು. ಫರೂಖಾಬಾದ್‌ನಿಂದ ಇಷ್ಟು ದೂರ, ಬಸವೇಶ್ವರನಗರದ ಒಂದು ಮಹಡಿಯಲ್ಲಿ ಕೂತು ಅದೇ ಬೋಲ್ ನುಡಿಸುತ್ತಿದ್ದೇವೆ ಅಂದರೆ ನಡುವೆ ಎಷ್ಟು ಜನ ಅದನ್ನು ಜೋಪಾನ ಮಾಡಿದ್ದಾರೆ ನೋಡಿ. ಅವರ ಹೆಸರು ಬಿಟ್ಟು ಬರೀ ಬೋಲ್ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕಿವಿಯಲ್ಲಿ ಕೇಳಿದರೆ ದೆಹಲಿಗೂ ಫರೂಖಾಬಾದ್‌ಗೂ ವ್ಯತ್ಯಾಸ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಸ್ವಲ್ಪ ದಿನ ಬೇಕು, ಅಷ್ಟೇ.

ತಬಲಾದ ಬಲಗಡೆ ಭಾಗ, ಅಂದರೆ ದಾಯಾ ಎದುರಿಗಿಟ್ಟು ನೋಡಿ. ಅಂಚಿನಲ್ಲಿ ಒಂದು ಸುತ್ತು ಚರ್ಮದ ಪಟ್ಟಿ ಇದೆ, ಅದು ಕಿನಾರ್, ಚಾಂಟಿ ಅಂತಲೂ ಅನ್ನುತ್ತಾರೆ. ನಡುವೆ ಕಪ್ಪು ವೃತ್ತ, ಅದು ಸ್ಯಾಹಿ. ಮೃದಂಗದವರು ಕರಣೆ ಅನ್ನುತ್ತಾರಲ್ಲ, ಅದೇ. ಇವೆರಡರ ನಡುವಿನ ಬಯಲು ಜಾಗ ಮೈದಾನ್. ದೆಹಲಿಯವರ ಪ್ರೀತಿ ಕಿನಾರ್ ಮೇಲೆ. ತೋರುಬೆರಳು, ನಡುಬೆರಳು, ಎರಡರಲ್ಲೇ ಬಹುಪಾಲು ಕೆಲಸ. ಶಬ್ದ ಸಣ್ಣಗೆ, ಚೊಕ್ಕವಾಗಿ, ಮುತ್ತು ಪೋಣಿಸಿದ ಹಾಗೆ ಬರುತ್ತದೆ. "ಧಾಧಾ ತಿಟ ಧಾಧಾ ತಿಂನಾ" ಅನ್ನುವ ಕಾಯ್ದಾ ಕೇಳಿದ್ದೀರಲ್ಲ, ಎಲ್ಲರೂ ಮೊದಲು ಕಲಿಯುವುದು, ಅದು ದೆಹಲಿ ಮನೆಯದು.

ಫರೂಖಾಬಾದ್‌ನಲ್ಲಿ ಕೈ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಕಿನಾರ್ ಇದೆ, ಜೊತೆಗೆ ಮೈದಾನ್ ಮತ್ತು ಸ್ಯಾಹಿಯೂ ಬೇಕು, ಉಂಗುರದ ಬೆರಳೂ ಬೇಕು, ಅಂಗೈಯೂ ಬೇಕು. "ತಿಟ" ಒಂದನ್ನೇ ತಗೊಳ್ಳಿ. ದೆಹಲಿಯಲ್ಲಿ "ತಿ" ನಡುಬೆರಳಿಂದ, "ಟ" ತೋರುಬೆರಳಿಂದ. ನಮ್ಮಲ್ಲಿ "ತಿ" ಹೊಡೆಯುವಾಗ ನಡುಬೆರಳ ಜೊತೆ ಉಂಗುರದ ಬೆರಳೂ ಸೇರಿಕೊಂಡು ಬೀಳುತ್ತದೆ. ಹಾಗಾಗಿ ಅದೇ ಅಕ್ಷರಕ್ಕೆ ತೂಕ ಜಾಸ್ತಿ. ಮನೆಯಲ್ಲಿ ಊಟದ ಮೇಜಿನ ಮೇಲೆ ಮಾಡಿ ನೋಡಿ, ಒಂದು ಬೆರಳಿಂದ ಒಮ್ಮೆ, ಎರಡು ಬೆರಳು ಜೋಡಿಸಿ ಒಮ್ಮೆ. ಮೇಜೇ ಹೇಳುತ್ತದೆ.

ಇನ್ನು "ಧಿರಧಿರ ಕಿಟತಕ". ಇದರಲ್ಲಿ ಅಂಗೈ ಇಡೀ ಸ್ಯಾಹಿ ಮೇಲೆ ಬೀಳುತ್ತದೆ, ಆದರೆ ಹೊಡೆತ ಅಲ್ಲ, ಹೊರಳಾಟ. ಬೀಗದ ಕೈ ತಿರುಗಿಸುವಾಗ ಮಣಿಕಟ್ಟು ಹೇಗೆ ಆ ಕಡೆ ಈ ಕಡೆ ಹೊರಳುತ್ತದೋ ಹಾಗೆ, ಕಿರುಬೆರಳ ಪಕ್ಕದ ಅಂಗೈ ಒಮ್ಮೆ, ಹೆಬ್ಬೆರಳ ಪಕ್ಕದ್ದು ಒಮ್ಮೆ. ಮೊದಲ ಎರಡು ತಿಂಗಳು ಪಟಪಟ ಅಂತ ಒಣ ಶಬ್ದ ಬರುತ್ತದೆ. ಭುಜ ಬಿಗಿ ಹಿಡಿದಿರುತ್ತಾರೆ, ಅದಕ್ಕೆ. ಒಂದು ದಿನ ಭುಜ ಇಳಿದುಬಿಡುತ್ತದೆ, ಆಗ ಶಬ್ದ ದುಂಡಗೆ ಆಗುತ್ತದೆ. ಆ ಕ್ಷಣದಲ್ಲಿ ಮಕ್ಕಳು ತಾವೇ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ.

ಗತ್ ಅಂದರೆ ಏನು? ಕಾಯ್ದಾ, ರೇಲಾ ಎಲ್ಲ ಬೇರೆನಾ?

ಕಾಯ್ದಾ ಅಂದರೆ ಒಂದು ಬೀಜ. ಕೆಲವೇ ಬೋಲ್‌ಗಳು ಇರುತ್ತವೆ, ಅವನ್ನೇ ಹಿಂದೆ ಮುಂದೆ ಮಾಡಿ ಪಲ್ಟಾ ಕಟ್ಟಿ ಬೆಳೆಸುತ್ತಾ ಹೋಗಬೇಕು, ಹೊರಗಿನ ಬೋಲ್ ತರುವ ಹಾಗಿಲ್ಲ. ರೇಲಾ ಅಂದರೆ ಓಟ, ನೀರು ಹರಿದ ಹಾಗೆ ಎಡೆಬಿಡದೆ. ಗತ್ ಹಾಗಲ್ಲ. ಅದು ಕಟ್ಟಿ ಮುಗಿಸಿದ ರಚನೆ. ಬೆಳೆಸುವ ಹಾಗಿಲ್ಲ, ಒಂದಕ್ಷರ ಕದಲಿಸುವ ಹಾಗಿಲ್ಲ, ಒಂದು ಪದ್ಯ ಓದಿದ ಹಾಗೆ ಪೂರ್ತಿ ನುಡಿಸಬೇಕು. ಸಾಮಾನ್ಯವಾಗಿ ಕೊನೆಯಲ್ಲಿ ತಿಹಾಯಿ ಕೂಡ ಇರುವುದಿಲ್ಲ. ತಿಹಾಯಿ ಇದ್ದರೆ ಒಂದೇ ತುಣುಕನ್ನು ಮೂರು ಸಲ ಬಡಿದು ಸಮ್‌ಗೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದಾಗ ಜನ ಚಪ್ಪಾಳೆ ತಟ್ಟುತ್ತಾರೆ, ಗತ್‌ನಲ್ಲಿ ಆ ಅನುಕೂಲ ಇಲ್ಲ. ತಿಳಿದವರು "ವಾಹ್" ಅನ್ನುತ್ತಾರೆ, ಉಳಿದವರಿಗೆ ಮುಗಿದದ್ದೇ ಗೊತ್ತಾಗದೆ ಹೋಗಬಹುದು.

ಫರೂಖಾಬಾದ್‌ನ ಆಸ್ತಿ ಇದೇ. ತಿಪಲ್ಲಿ ಅಂತ ಒಂದು ಬಗೆ ಇದೆ, ಅದರಲ್ಲಿ ಮೂರು ಬೇರೆ ಬೇರೆ ನಡೆ ಒಂದೇ ಗತ್‌ನಲ್ಲಿ ಬರುತ್ತವೆ. ನಡೆಯುತ್ತಿದ್ದವನು ದಾಪುಗಾಲು ಹಾಕಿ, ಆಮೇಲೆ ಓಡಿದ ಹಾಗೆ ಇರುತ್ತದೆ, ಆದರೆ ಕೆಳಗೆ ತೀನ್‌ತಾಲ್ ಅನ್ನುವ ತಾಳದ 16 ಮಾತ್ರೆ, ಅಂದರೆ ಎಣಿಕೆ, ಕದಲಿರುವುದಿಲ್ಲ. ಫರ್ದ್ ಅಂತ ಇನ್ನೊಂದು, ಅಂದರೆ ಒಂಟಿ, ಜೋಡಿ ಇಲ್ಲದ್ದು. ಯಾಕೆಂದರೆ ಎಷ್ಟೋ ಗತ್‌ಗಳಿಗೆ ಜೋಡಾ ಇದೆ: ಒಬ್ಬರು ಒಂದು ಗತ್ ಕಟ್ಟಿದರೆ ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಅದೇ ಅಚ್ಚಿನಲ್ಲಿ ಇನ್ನೊಂದು ಕಟ್ಟುತ್ತಿದ್ದರು. ಹಾಜಿ ಸಾಹೇಬರ ಶಿಷ್ಯರ ಕಾಲದಲ್ಲಿ ಈ ಸವಾಲ್ ಜವಾಬ್ ಜೋರಾಗಿತ್ತು ಅಂತ ಹೇಳುತ್ತಾರೆ. ಸಲಾರಿ ಖಾನ್ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತದೆ.

ಯಾರನ್ನು ಕೇಳಬೇಕು? ಒಂದೆರಡು ಹೆಸರು ಹೇಳಿ.

ಮೊದಲು ಉಸ್ತಾದ್ ಅಹ್ಮದ್ ಜಾನ್ ತಿರಕ್ವಾ. ಮುರಾದಾಬಾದ್‌ನವರು. ಬೆರಳು ಕುಣಿಯುವ ರೀತಿ ನೋಡಿ ತಿರಕ್ವಾ ಅಂತ ಹೆಸರು ಬಂತು. ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ನುಡಿಸಿದರು, ಆಮೇಲೆ ರಾಂಪುರದ ನವಾಬರ ಆಸ್ಥಾನದಲ್ಲಿದ್ದರು, ಕೊನೆಗೆ ಲಖನೌನ ಭಾತಖಂಡೆ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದರು. 1970ರಲ್ಲಿ ಪದ್ಮಭೂಷಣ ಬಂತು, 1976ರಲ್ಲಿ ತೀರಿಕೊಂಡರು. ಅವರ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಶಬ್ದ ಸ್ವಲ್ಪ ಸವೆದಿದೆ, ಹಿಂದೆ ಗರಗರ ಇದೆ, ಆದರೂ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಹೊತ್ತು ಕೇಳಿ. ಅವಸರ ಅನ್ನೋದೇ ಇಲ್ಲ. ವಯಸ್ಸಾದ ಮೇಲೂ "ಧಾ" ಮತ್ತು "ಧಿಂ" ಎರಡೂ ಬೇರೆ ಬೇರೆ ಮನುಷ್ಯರು ಮಾತಾಡಿದ ಹಾಗೆ ಕೇಳಿಸುತ್ತವೆ.

ತಿರಕ್ವಾ ಅವರ ಗುರು ಮುನೀರ್ ಖಾನ್. ಅವರು ಒಂದೇ ಮನೆಗೆ ಸೀಮಿತವಾಗದೆ ಹಲವು ಗುರುಗಳ ಹತ್ತಿರ ಕಲಿತವರು. ಅವರ ಸೋದರಳಿಯ ಅಮೀರ್ ಹುಸೇನ್ ಖಾನ್ (1899–1969) ಮುಂಬೈಯಲ್ಲಿ ನೆಲೆಸಿ ನೂರಾರು ರಚನೆ ಕಟ್ಟಿದರು, ಶಿಷ್ಯರನ್ನು ಮನಸಾರೆ ತಯಾರು ಮಾಡಿದರು. ನಿಖಿಲ್ ಘೋಷ್, ಪಂಢರಿನಾಥ ನಾಗೇಶ್ಕರ್ ಆ ಸಾಲಿನವರು. ಕೋಲ್ಕತ್ತಾ ಕಡೆ ಮಸೀತ್ ಖಾನ್, ಅವರ ಮಗ ಕರಾಮತುಲ್ಲಾ ಖಾನ್, ಆಮೇಲೆ ಸಾಬೀರ್ ಖಾನ್. ಮಸೀತ್ ಖಾನ್ ಅವರ ಹತ್ತಿರ ಕಲಿತ ಜ್ಞಾನಪ್ರಕಾಶ್ ಘೋಷ್ ಅವರಿಂದ ಶಂಕರ್ ಘೋಷ್, ಅನಿಂದೋ ಚಟರ್ಜಿ. ಅನಿಂದೋ ಅವರ ಸೋಲೊ ಈಗಿನ ಸ್ಪಷ್ಟ ರೆಕಾರ್ಡಿಂಗ್‌ಗಳಲ್ಲಿ ಸಿಗುತ್ತದೆ, ಹೊಸಬರು ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಹೋದರೆ ಸುಲಭ.

ಜಾಕಿರ್ ಹುಸೇನ್ ಇದೇ ಘರಾನಾ ಅಲ್ವಾ?

ಅಲ್ಲ, ಪಂಜಾಬ್. ತಂದೆ ಅಲ್ಲಾ ರಖಾ, ಅವರ ಗುರು ಮಿಯಾನ್ ಕಾದಿರ್ ಬಕ್ಷ್. 2024ರ ಡಿಸೆಂಬರ್‌ನಲ್ಲಿ ಜಾಕಿರ್ ಭಾಯಿ ಹೋದಾಗ ನಮ್ಮ ಕ್ಲಾಸಿನಲ್ಲಿ ಆ ವಾರ ಪಾಠ ಮಾಡಲಿಲ್ಲ, ಎಲ್ಲರೂ ಕೂತು ಅವರ ತಬಲಾ ಕೇಳಿದೆವು. ಘರಾನಾ ಬೇರೆ ಅಂತ ಯಾರಿಗೂ ಅನ್ನಿಸಲಿಲ್ಲ. ಅವರೂ ವೇದಿಕೆ ಮೇಲೆ ಬೇರೆ ಮನೆಗಳ ರಚನೆ ನುಡಿಸುವಾಗ ಯಾರದ್ದು ಅಂತ ಹೇಳಿಯೇ ನುಡಿಸುತ್ತಿದ್ದರು.

ಉತ್ತರ ಪ್ರದೇಶದ ತಬಲಾ ನಮ್ಮ ಕಡೆ ಬಂದದ್ದು ಹೇಗೆ?

ಮುಖ್ಯವಾಗಿ ಮುಂಬೈ ದಾರಿಯಿಂದ. 1956ರವರೆಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಮುಂಬೈ ಆಡಳಿತದಲ್ಲೇ ಇದ್ದವು. ಮರಾಠಿ ನಾಟಕ ಕಂಪನಿಗಳು ಬರುತ್ತಿದ್ದವು, ನಮ್ಮ ಗಾಯಕರು ಆ ಕಡೆ ಹೋಗುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಇವರ ಜೊತೆ ನುಡಿಸಲು ತಬಲಾದವರು ಬೇಕಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕೊಡುಗೆ ಬೇರೆಯೇ ಇದೆ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಹಾಡು, ತಬಲಾ, ಹಾರ್ಮೋನಿಯಂ ಎಲ್ಲ ಕಲಿಸಿದರು. ಅಲ್ಲಿಂದ, ಧಾರವಾಡದಿಂದ ಕೆಲಸಕ್ಕೋ ಮಕ್ಕಳ ಓದಿಗೋ ಬೆಂಗಳೂರಿಗೆ ಬಂದವರು ಇಲ್ಲಿ ಪಾಠ ಶುರು ಮಾಡಿದರು. ನಮ್ಮ ಗುರುಗಳೂ ಹಾಗೆ ಬಂದವರೇ.

ಬೆಂಗಳೂರು ಮೊದಲಿಂದ ಮೃದಂಗದ ಊರು. ಆದರೂ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಲ್ಲಿ, ಚೌಡಯ್ಯ ಸ್ಮಾರಕ ಭವನದಲ್ಲಿ ಹಿಂದೂಸ್ತಾನಿ ಕಛೇರಿ ಇದ್ದಾಗ ಜನ ತುಂಬಿರುತ್ತಾರೆ.

ಮಗ ನಾಲ್ಕು ವರ್ಷ ಮೃದಂಗ ಕಲಿತಿದ್ದಾನೆ. ತಬಲಾ ಬೇಗ ಬರುತ್ತಾ?

ಲಯ ಬೇಗ ಬರುತ್ತದೆ. ಕೈ ಮಾತ್ರ ಹೊಸದಾಗಿಯೇ ಕೂರಬೇಕು. ಮೃದಂಗದ ಎಡಗಡೆಗೆ ರವೆ ಮೆತ್ತುತ್ತಾರೆ, ಎಡಗೈ ತಟ್ಟುತ್ತದೆ. ನಮ್ಮ ಬಾಯಾ, ಅಂದರೆ ಡಗ್ಗಾ ಮೇಲೆ ಸ್ಯಾಹಿ ಒಂದು ಪಕ್ಕಕ್ಕೆ ಇರುತ್ತದೆ, ಮಣಿಕಟ್ಟು ಚರ್ಮದ ಮೇಲೇ ಕೂತು ಮುಂದಕ್ಕೆ ಜಾರಿ ಒತ್ತುತ್ತದೆ. ಆ ಜಾರುವಿಕೆಯಿಂದಲೇ "ಘೇ" ಮೇಲೆ ಕೆಳಗೆ ಹೋಗುವುದು. ಇನ್ನೊಂದು ವಿಷಯ, ಠೇಕಾ, ಅಂದರೆ ಒಂದು ತಾಳಕ್ಕೆ ಗೊತ್ತುಮಾಡಿದ ಬೋಲ್‌ಗಳ ಸುತ್ತು. ಮೃದಂಗದಲ್ಲಿ ಹಾಡಿನ ನಡೆ ನೋಡಿಕೊಂಡು ನುಡಿಸುತ್ತಾ ಹೋಗುತ್ತಾರೆ. ಇಲ್ಲಿ ವಿಲಂಬಿತ್ (ತುಂಬಾ ನಿಧಾನದ) ಏಕ್‌ತಾಲ್ ಅಂದರೆ ಅದೇ 12 ಮಾತ್ರೆಯ ಠೇಕಾವನ್ನು ಅರ್ಧ ಗಂಟೆ ಹಿಡಿದುಕೊಂಡಿರಬೇಕು. ಮೃದಂಗದ ಮಕ್ಕಳಿಗೆ ಮೊದಮೊದಲು ಕೈ ತುರಿಸುತ್ತದೆ. ಆದರೆ ಒಳ್ಳೆ ಗಾಯಕರ ಹಿಂದೆ ಸುರ್ ತುಂಬಿದ ಠೇಕಾ ಇಡುವುದು ಎಷ್ಟು ಕಷ್ಟ ಅನ್ನೋದು ನುಡಿಸಿದಾಗಲೇ ತಿಳಿಯುತ್ತದೆ.

ಬೋಲ್ ಬಾಯಲ್ಲಿ ಯಾಕೆ ಹೇಳಿಸ್ತೀರಾ? ಸಮಯ ಹಾಳಲ್ವಾ?

ಇದಕ್ಕೆ ಪಢಂತ್ ಅಂತಾರೆ. ನಾನು ಸೇರಿದ ದಿನ ಗುರುಗಳು ನನಗೆ ತಬಲಾ ಮುಟ್ಟಲು ಬಿಡಲಿಲ್ಲ. "ತಮ್ಮಾ, ಬಾಯಾಗ ಬರಲಾರದ್ದು ಕೈಯಾಗ ಬರೂದಿಲ್ಲ, ಮೊದಲ ಹೇಳು" ಅಂದರು. ಒಂದು ತಿಂಗಳು ಚಪ್ಪಾಳೆ ತಟ್ಟಿಕೊಂಡು ಬರೀ ಹೇಳಿದೆ. ಬಸ್ಸಿನಲ್ಲಿ, ಸ್ನಾನ ಮಾಡುವಾಗ, ತರಕಾರಿ ಹೆಚ್ಚುವಾಗ. ಆಮೇಲೆ ಕೈ ಇಟ್ಟಾಗ ಎಲ್ಲಿ ಉಸಿರು, ಎಲ್ಲಿ ಒತ್ತು ಅನ್ನೋದು ಮೊದಲೇ ಗೊತ್ತಿತ್ತು. ಗತ್‌ಗಂತೂ ಇದು ಬೇಕೇ ಬೇಕು.

ಎಷ್ಟು ತಿಂಗಳಲ್ಲಿ ಕಲಿಯಬಹುದು?

ದಿನಾ ಮುಕ್ಕಾಲು ಗಂಟೆ ಕೂತರೆ ಒಂದು ವರ್ಷದಲ್ಲಿ ಠೇಕಾಗಳು, ಎರಡು ಮೂರು ಕಾಯ್ದಾ, ಒಂದು ರೇಲಾ ಕೈಗೆ ಬರುತ್ತವೆ. ಗತ್‌ಗಳನ್ನು ನಾನು ಮೂರನೇ ವರ್ಷಕ್ಕೆ ಮುಂಚೆ ಕೊಡುವುದಿಲ್ಲ. ಇದಕ್ಕೆ ಕಾರಣ ಇದೆ. ಈ ಗುರುಗಳ ಹತ್ತಿರ ಹೋಗುವ ಮುಂಚೆ ನಾನು ಒಂದು ಕಡೆ ಗುಂಪಿನ ಕ್ಲಾಸಿಗೆ ಸೇರಿದ್ದೆ. ಇಪ್ಪತ್ತು ಜನ ಒಟ್ಟಿಗೆ, ಆರು ತಿಂಗಳಲ್ಲಿ ಚಕ್ರದಾರ್‌ವರೆಗೆ (ತಿಹಾಯಿ ಸಮೇತ ಇಡೀ ರಚನೆಯನ್ನೇ ಮೂರು ಸಲ ನುಡಿಸುವುದು) ಓಡಿಸಿದರು, ವಾರ್ಷಿಕೋತ್ಸವಕ್ಕೆ ಏನಾದರೂ ತೋರಿಸಬೇಕಿತ್ತು. ಯಾರ ಬೆರಳು ಎಲ್ಲಿ ಬೀಳುತ್ತಿದೆ ಅಂತ ಯಾರೂ ನೋಡಲಿಲ್ಲ. ಆಮೇಲೆ ಬರೀ "ತಿಟ" ಸರಿ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಕಲಿತದ್ದನ್ನು ಮರೆಯುವುದು ಹೊಸದು ಕಲಿಯುವುದಕ್ಕಿಂತ ಕಷ್ಟ, ಆ ಸಂಕಟ ನನ್ನ ಮಕ್ಕಳಿಗೆ ಬೇಡ.

ಆನ್‌ಲೈನ್‌ನಲ್ಲಿ ಕಲಿಯಬಹುದಾ?

ಮೊದಲ ವರ್ಷ ಬೇಡ. ಆಮೇಲೆ ನಡುನಡುವೆ ಆಗಬಹುದು.

ತಬಲಾ ಎಲ್ಲಿ ತಗೊಳ್ಳಲಿ? ಯಾವುದು ತಗೊಳ್ಳಲಿ?

ಬಳೇಪೇಟೆಗೆ ಹೋಗಿ, ವಾದ್ಯದ ಅಂಗಡಿಗಳು ಸಾಲಾಗಿವೆ, ಚಿಕ್ಕಪೇಟೆ ಮೆಟ್ರೋ ಇಳಿದರೆ ನಡೆಯುವಷ್ಟು ದೂರ. ದಾಯಾ ಬೀಟೆ ಅಥವಾ ಶೀಶಮ್ ಮರದ್ದಿರಲಿ, ಎತ್ತಿದಾಗ ತೂಕ ಇರಬೇಕು. ಡಗ್ಗಾ ಹಿತ್ತಾಳೆ ಅಥವಾ ತಾಮ್ರದ್ದು. ದಾಯಾ ಬಾಯಿಯ ಅಗಲ ಐದೂವರೆ ಇಂಚಿನ ಆಸುಪಾಸು ಇದ್ದರೆ ಕರಿ ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ, ಕೂರುತ್ತದೆ, ಹೊಸಬರಿಗೆ ಅದು ಸಾಕು. ಸ್ಯಾಹಿ ಮೇಲೆ ಉಗುರು ಆಡಿಸಿ ನೋಡಿ, ಪುಡಿ ಉದುರಿದರೆ ಬೇಡ. ಕಿನಾರ್ ಮೇಲೆ "ನಾ" ಹೊಡೆದರೆ ಸುತ್ತಲೂ ಒಂದೇ ಸ್ವರ ಬರಬೇಕು. ಸುತ್ತಿನ ಹೆಣಿಗೆಗೆ ಗಜರಾ ಅಂತ ಹೆಸರು, ಅದರಲ್ಲಿ 16 ಮನೆ. ಸುತ್ತಿಗೆಯಲ್ಲಿ ಎದುರುಬದುರು ಮನೆಗೆ ಮೆಲ್ಲಗೆ ತಟ್ಟುತ್ತಾ ಹೋಗಬೇಕು, ಮೇಲಿಂದ ತಟ್ಟಿದರೆ ಸ್ವರ ಏರುತ್ತದೆ, ಕೆಳಗಿಂದ ತಟ್ಟಿದರೆ ಇಳಿಯುತ್ತದೆ.

ಮಳೆಗಾಲದಲ್ಲಿ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ. ಒದ್ದೆ ಬಟ್ಟೆ ಒಣಗಿಸಿದ ರೂಮಿನಲ್ಲಿ ತಬಲಾ ಇಡಬೇಡಿ. ಬಿಸಿಲಿಗೂ ಇಡಬೇಡಿ, ಸ್ಯಾಹಿ ಬಿರುಕು ಬಿಡುತ್ತದೆ. ದಪ್ಪ ಬಟ್ಟೆಯ ಚೀಲದಲ್ಲಿ ಕಟ್ಟಿ ಒಳಗಿನ ಕಪಾಟಿನಲ್ಲಿಟ್ಟರೆ ಸಾಕು.

ಹೆಣ್ಣುಮಕ್ಕಳಿಗೆ ಹೇಳಿಕೊಡ್ತೀರಾ?

ಖಂಡಿತ. ಈ ಘರಾನಾದಲ್ಲೇ ಕೋಲ್ಕತ್ತಾದ ರಿಂಪಾ ಶಿವಾ ಚಿಕ್ಕ ವಯಸ್ಸಿನಿಂದ ಸೋಲೊ ನುಡಿಸುತ್ತಿದ್ದಾರೆ. ಅವರ ರೇಲಾ ಒಮ್ಮೆ ಕೇಳಿ, ಈ ಪ್ರಶ್ನೆ ಮತ್ತೆ ಬರುವುದಿಲ್ಲ.

ಅಪಾರ್ಟ್‌ಮೆಂಟ್‌ನಲ್ಲಿ ಕೆಳಗಿನವರು ಜಗಳಕ್ಕೆ ಬರ್ತಾರೆ, ಏನು ಮಾಡೋದು?

ಡಗ್ಗಾದ ಸದ್ದು ನೆಲದ ಮೂಲಕವೇ ಜಾಸ್ತಿ ಇಳಿಯುವುದು. ಇಂಡ್ವಿ (ತಬಲಾ ಕೂರಿಸುವ ಬಟ್ಟೆಯ ಸಿಂಬೆ) ಕೆಳಗೆ ಹಳೇ ಜಮಖಾನ ನಾಲ್ಕು ಮಡಿಕೆ ಮಾಡಿ ಹಾಸಿ. ಅಭ್ಯಾಸದ ಹೊತ್ತು ಅವರಿಗೆ ಮೊದಲೇ ಹೇಳಿಡಿ. ನಮ್ಮ ಪಕ್ಕದ ಮನೆ ಅಜ್ಜಿ ಈಗ ಒಂದು ದಿನ ಸದ್ದಿಲ್ಲದಿದ್ದರೆ "ಯಾಕೆ ಕಣಪ್ಪ, ಮಕ್ಕಳು ಬರಲಿಲ್ವಾ" ಅಂತ ಕೇಳುತ್ತಾರೆ.

ಪರೀಕ್ಷೆ ಕಟ್ಟಿಸ್ತೀರಾ?

ಬೇಕಾದವರಿಗೆ ಗಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟಿಸುತ್ತೇನೆ. ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೆ ಇದೆ. ಪರೀಕ್ಷೆಗೆ ಅಂತ ಪಾಠದ ವೇಗ ಮಾತ್ರ ಬದಲಾಯಿಸುವುದಿಲ್ಲ.

ಬೇರೆ ಘರಾನಾದ ಬೋಲ್ ನುಡಿಸಿದರೆ ತಪ್ಪಾ?

ತಪ್ಪೇನಿಲ್ಲ. ಮುನೀರ್ ಖಾನ್ ಅವರೇ ಹಲವು ಕಡೆ ಕಲಿತವರು, ತಿರಕ್ವಾ ಅವರ ಕೈಯಲ್ಲಿ ದೆಹಲಿ ಕಾಯ್ದಾ ಎಷ್ಟು ಚೆನ್ನಾಗಿತ್ತು. ಆದರೆ ದೆಹಲಿ ಕಾಯ್ದಾ ನುಡಿಸುವಾಗ ಕೈಯೂ ದೆಹಲಿಯದಾಗಿರಬೇಕು, ಕಿನಾರ್ ಮೇಲೆ ಎರಡು ಬೆರಳು. ಒಂದು ಮನೆಯ ರೀತಿ ಗಟ್ಟಿಯಾದ ಮೇಲೆ ಇದು ತಾನಾಗಿ ಬರುತ್ತದೆ, ಮೊದಲ ನಾಲ್ಕೈದು ವರ್ಷ ಒಂದೇ ಮನೆಯಲ್ಲಿರಿ.

ಪಾಠ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಪುಸ್ತಕವೂ ತರಬೇಕು. ಇನ್ನೂರು ಪುಟದ ಗೆರೆ ಪುಸ್ತಕ, ಸೈಕಲ್ ಹ್ಯಾಂಡಲ್‌ಗೆ ನೇತುಹಾಕಿದರೂ ಹರಿಯದಂಥ ಗಟ್ಟಿ ರಟ್ಟಿನದ್ದು. ಪ್ರತಿ ರಚನೆಗೂ ಹೊಸ ಹಾಳೆ. ಮೇಲೆ ತಾಳದ ಹೆಸರು, ಅದರ ಕೆಳಗೆ ಕಟ್ಟಿದವರ ಹೆಸರು, ಅದರ ಕೆಳಗೆ ಯಾರಿಂದ ಯಾರಿಗೆ ಬಂತು ಅಂತ ನಾನು ಹೇಳಿದಷ್ಟು, ಕೊನೆಗೆ ನೀವು ಕಲಿತ ತಾರೀಕು. ಬೋಲ್ ಬರೆಯುವುದು ಅದಾದ ಮೇಲೆ.